ನಮ್ಮೂರಿನ ಬಗ್ಗೆ ನಾಲ್ಕು ಪುಟ

ಮಾಸಪತ್ರಿಕೆಯಿಂದ ಬಂದ ಕಾಗದವನ್ನು ಟೀಚರ್ ಮೂರು ಸಲ ಓದಿದರು. ಪ್ರತಿ ತಿಂಗಳೂ ಒಂದು ಸಣ್ಣ ಊರಿನ ಪರಿಚಯ ಹಾಕುತ್ತಿದ್ದೇವೆ, ನಿಮ್ಮ ಮೀನುಗಾರರ ಊರಿನ ಬಗ್ಗೆ ನಾಲ್ಕು ಪುಟ ಬರೆದುಕೊಡುತ್ತೀರಾ ಎಂದು ಸಂಪಾದಕರು ಕೇಳಿದ್ದರು. ಹಿಂದೆ ಅದೇ ಪತ್ರಿಕೆಯ ಓದುಗರ ಅಂಕಣದಲ್ಲಿ ಟೀಚರ್ ಬರೆದ ಎರಡು ಪತ್ರಗಳು ಅಚ್ಚಾಗಿದ್ದವು. ಅದನ್ನು ಯಾರೋ ನೆನಪಿಟ್ಟುಕೊಂಡಿದ್ದರು.

ಅವರು ಹುಟ್ಟಿದ್ದು ಈ ಊರಿನಲ್ಲಲ್ಲ. ಇಪ್ಪತ್ತಾರು ವರ್ಷದ ಹಿಂದೆ ಪ್ರೈಮರಿ ಶಾಲೆಗೆ ವರ್ಗವಾಗಿ ಬಂದು, ಒಂದು ವರ್ಷ ಇದ್ದು ಹೋದರಾಯಿತು ಎಂದುಕೊಂಡು ಐಸ್ ಫ್ಯಾಕ್ಟರಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದರು. ಅಲ್ಲೇ ಉಳಿದುಬಿಟ್ಟರು. ಕೆಳಗೆ ಯಂತ್ರ ಓಡುವಾಗ ಅವರ ನೆಲ, ಮಂಚ, ಲೋಟದೊಳಗಿನ ನೀರು ಎಲ್ಲ ಸಣ್ಣಗೆ ನಡುಗುತ್ತಿದ್ದವು. ಯಾಕೆ ಮದುವೆಯಾಗಲಿಲ್ಲ ಎಂದು ಊರು ಮೊದಲ ಐದು ವರ್ಷ ಕೇಳಿತು, ಆಮೇಲೆ ಅದಕ್ಕೂ ಬೇಜಾರು ಬಂತು. ಊರಿನ ಅರ್ಧ ಜನಕ್ಕೆ ಅವರು ಅಕ್ಷರ ಕಲಿಸಿದ್ದರು, ಉಳಿದರ್ಧಕ್ಕೆ ಅರ್ಜಿ ಬರೆದುಕೊಟ್ಟಿದ್ದರು.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಒಂದು ನೋಟುಪುಸ್ತಕ ಹಿಡಿದು ಊರು ಸುತ್ತಲು ಶುರುಮಾಡಿದರು. ಸುತ್ತುವುದಕ್ಕೆ ಹೆಚ್ಚೇನೂ ಇರಲಿಲ್ಲ. ಜೆಟ್ಟಿಯಿಂದ ಬಸ್‌ಸ್ಟ್ಯಾಂಡಿಗೆ ಒಂದೇ ರಸ್ತೆ. ಅದರ ಎಡಕ್ಕೆ ಮೀನು ಹರಾಜಿನ ಶೆಡ್ಡು. ಎಷ್ಟು ತೊಳೆದರೂ ಅದರ ಸಿಮೆಂಟು ನೆಲದಲ್ಲಿ ಬೆಳ್ಳಿಯ ಚೂರಿನಂಥ ಪೊರೆಗಳು ಹೊಳೆಯುತ್ತಲೇ ಇರುತ್ತಿದ್ದವು. ಬಲಕ್ಕೆ ಬಲೆ ಓಣಿ. ಅಲ್ಲಿ ಹೆಂಗಸರು ಕಾಲು ಚಾಚಿ ಕೂತು, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದಲ್ಲಿ ಹೊಲಿಯುತ್ತಿದ್ದರು. ಓಣಿ ದಾಟಿದರೆ ಹೊಳೆಯ ಬಾಯಿ, ಅದರ ದಂಡೆಗೆ ದೋಣಿ ಕಟ್ಟುವ ಕೊಟ್ಟಿಗೆ.

ಟೀಚರ್ ಏನೋ ಬರೆಯುತ್ತಾರಂತೆ ಎಂದು ಊರಿಗೆ ಗೊತ್ತಾಗಲು ಅರ್ಧ ದಿನ ಸಾಕಾಯಿತು. ದೋಣಿಯ ಯಜಮಾನನೊಬ್ಬ, ಊರಿಗೆಲ್ಲ ‘ಅರ್ಧಗಂಟೆ’, ದಾರಿಗಡ್ಡ ನಿಂತ. ಯಾವ ಕೆಲಸ ಕೇಳಿದರೂ ಇನ್ನರ್ಧ ಗಂಟೆಯಲ್ಲಿ ಆಗುತ್ತದೆ ಎನ್ನುವವನು.

“ನನ್ನ ಫೋಟೋನೂ ಹಾಕ್ಸಿ ಟೀಚರೇ. ಆದ್ರೆ ಬಲಗಡೆಯಿಂದ ತೆಗೀಬೇಕು, ಎಡಗಡೆ ಹಲ್ಲಿಲ್ಲ.”

“ಫೋಟೋ ಅವರೇ ತೆಗೀತಾರಂತೆ. ಎಷ್ಟು ಹೊತ್ತಿಗೆ ಸಿಗ್ತೀಯ?”

“ಕರೆದ್ರೆ ಅರ್ಧ ಗಂಟೇಲಿ ಬಂದೆ,” ಎಂದ. ಟೀಚರ್ ನಕ್ಕರು, ಅವನೂ ನಕ್ಕ.

ಮೊದಲ ಮೂರು ಪುಟ ಹೀಗೇ ತುಂಬಿದವು. ಆದರೆ ಓದಿ ನೋಡಿದರೆ ಟೀಚರಿಗೇ ಸಪ್ಪೆ ಅನಿಸಿತು. ತಮ್ಮ ಶಾಲೆಯ ಮಕ್ಕಳು ಬರೆಯುವ ಪ್ರಬಂಧದ ಹಾಗಿತ್ತು. ಊರಿದೆ, ಊರಿನಲ್ಲಿ ಸಮುದ್ರವಿದೆ, ಸಮುದ್ರದಲ್ಲಿ ಮೀನಿದೆ. ಹಾಗಾಗಿ ಅವರು ಮೇಸ್ತ್ರಿಯ ಕೊಟ್ಟಿಗೆಗೆ ಹೋಗಿ ಕೂರತೊಡಗಿದರು.

ಊರಿಗೆ ದೋಣಿ ಕಟ್ಟುವವರು ಒಬ್ಬರೇ, ಆ ಮೇಸ್ತ್ರಿ. ಅವರ ಕೈಯಿಂದ ಅರವತ್ತಕ್ಕೂ ಹೆಚ್ಚು ದೋಣಿಗಳು ನೀರಿಗಿಳಿದಿದ್ದವು. ಅವರು ಮಾತ್ರ ಯಾವ ದೋಣಿಯನ್ನೂ ಹತ್ತುತ್ತಿರಲಿಲ್ಲ. ಕಟ್ಟುವಾಗ ಒಳಗೆ ನಿಂತು ಕೆಲಸ ಮಾಡುತ್ತಿದ್ದರು. ತಳಕ್ಕೆ ನೀರು ತಾಗಿತೆಂದರೆ ಇಳಿದು, ಬೆನ್ನು ತಿರುಗಿಸಿ ಕೊಟ್ಟಿಗೆಗೆ ನಡೆಯುತ್ತಿದ್ದರು. ಊರಿನವರು ಇದನ್ನು ತಮಾಷೆ ಮಾಡುತ್ತಿದ್ದರು, ಆದರೆ ಅವರ ಎದುರಿಗಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಮೇಸ್ತ್ರಿ ತಮ್ಮ ಮನೆಗೆಂದೇ ಕಟ್ಟಿದ ಮೊದಲ ದೋಣಿಯಲ್ಲಿ ಅವರ ತಮ್ಮ ಹೋಗಿದ್ದ. ಆ ದೋಣಿಯಲ್ಲಿ ಅವನ ಮೂರನೇ ದಿನ ಅದು. ದೋಣಿಗೆ ನೀರು ತುಂಬಿ ಮುಳುಗಿತು. ಜೊತೆಗಿದ್ದ ಇಬ್ಬರನ್ನು ಬೇರೆ ದೋಣಿಯವರು ಎಳೆದುಕೊಂಡರು, ತಮ್ಮ ಸಿಗಲಿಲ್ಲ. ತೇಲಿ ಬಂದ ಮರದ ದಿಮ್ಮಿ ದೋಣಿಗೆ ಬಡಿದಿರಬೇಕು ಎಂದು ಜನ ಮಾತಾಡಿಕೊಂಡರು. ಆ ಮಾತೇ ನಿಂತಿತು.

ತಮ್ಮನ ಹೆಂಡತಿಗೆ ಆಗ ಇಪ್ಪತ್ತಮೂರು. ಮಕ್ಕಳಿರಲಿಲ್ಲ. ತವರಿಗೆ ಹೋಗದೆ ಅದೇ ಮನೆಯಲ್ಲಿ ಉಳಿದಳು. ಮೇಸ್ತ್ರಿಯೂ ಮದುವೆಯ ಮಾತು ಎತ್ತಲಿಲ್ಲ. ಜನ ಸ್ವಲ್ಪ ದಿನ ಬಾಯಿಗೆ ಬಂದಂತೆ ಆಡಿಕೊಂಡರು. ಆದರೆ ಆ ಮನೆಯಲ್ಲಿ ಎರಡು ಕೋಣೆ, ಎರಡು ಬಾಗಿಲು, ದಿನಕ್ಕೆ ಹತ್ತು ಮಾತು, ಆಡಿಕೊಳ್ಳುವವರಿಗೇ ಸಾಕಾಯಿತು. “ಭಾವ, ಊಟ.” “ಹೂಂ.” “ಭಾವ, ಚಿಮಣಿಗೆ ಹೊಗೆ ಕಟ್ಟಿದೆ.” “ನೋಡ್ತೀನಮ್ಮ.” ಹೀಗೇ ಇಪ್ಪತ್ತೆರಡು ವರ್ಷ. ಅವಳು ಬಲೆ ಓಣಿಯಲ್ಲಿ ಬಲೆ ಹೊಲಿದು ಎಲ್ಲರಿಗೂ ‘ಬಲೆಯಕ್ಕ’ ಆದಳು. ಅವಳಿಗೆ ಸೊಂಟ ನೋವೆಂದು ಯಾರೋ ಹೇಳಿದಾಗ ಮೇಸ್ತ್ರಿ ಒಂದು ತಗ್ಗಿನ ಒರಗುಮಣೆ ಮಾಡಿ, ಏನೂ ಹೇಳದೆ ಓಣಿಯಲ್ಲಿ ಇಟ್ಟುಹೋಗಿದ್ದರು.

ಟೀಚರ್ ಹೋಗಿ ಕೂರುತ್ತಿದ್ದ ಆ ದಿನಗಳಲ್ಲಿ ಕೊಟ್ಟಿಗೆಯಲ್ಲಿ ಅರ್ಧಗಂಟೆಯ ಹೊಸ ದೋಣಿ ನಿಂತಿತ್ತು. ಮೇಸ್ತ್ರಿ ಹಲಗೆ ಹಲಗೆಯ ನಡುವಿನ ಸಂದಿಗೆ ಹೊಸೆದ ಹತ್ತಿಯ ಎಳೆ ಇಟ್ಟು, ಮೊಂಡು ಉಳಿಯಿಂದ ಬಡಿದು ಕೂರಿಸುತ್ತಿದ್ದರು. ಟೀಚರ್ ಮರದ ತುಂಡಿನ ಮೇಲೆ ಕೂತು ನೋಡುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ, ಹೊರಗೆ ಬಿಸಿಲು ಧಗಧಗಿಸುತ್ತಿದ್ದಾಗ, ಟೀಚರ್ ಕೇಳಿದರು.

“ಒಂದು ಸಂದಿಗೆ ಎಷ್ಟು ಎಳೆ ಹೊಡೀತೀರಿ ಮೇಸ್ತ್ರಿ?”

“ಮೂರು.” ಸ್ವಲ್ಪ ಹೊತ್ತು ಬಡಿದರು. ಆಮೇಲೆ ಉಳಿ ಕೆಳಗಿಟ್ಟರು. “ಒಂದ್ಸಲ ಒಂದೇ ಹೊಡೆದಿದ್ದೆ.”

ಟೀಚರ್ ಕೂತಿದ್ದ ಮರದ ತುಂಡನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

“ಎಡಗಡೆ ಮೂರನೇ ಸಂದು. ಮಳೆ ಹಿಡಿಯೋ ಮೊದಲು ನೀರಿಗಿಳಿಸ್ಬೇಕು ಅಂತ ತಮ್ಮ ತಲೆ ತಿಂತಿದ್ದ. ಹತ್ತಿ ಮುಗಿದಿತ್ತು. ತರಿಸೋಕೆ ಎರಡು ದಿನ. ಒಂದೇ ಎಳೆ ಹೊಡೆದು, ಮೇಲೆ ರಾಳದ ಪುಟ್ಟಿ ತುಂಬಿ ಬಣ್ಣ ಬಳಿದೆ. ಬಣ್ಣ ಬಳಿದ ಮೇಲೆ ಯಾರಿಗೆ ಗೊತ್ತಾಗತ್ತೆ ಹೇಳಿ. ಮಳೆಗೆ ದೋಣಿ ದಡಕ್ಕೆ ಎಳೆದಾಗ ಸರಿ ಮಾಡೋಣ ಅಂದ್ಕೊಂಡಿದ್ದೆ.”

“ಯಾರಿಗೂ ಹೇಳಿಲ್ವಾ?”

“ಹೇಳ್ಬೇಕಾದವಳು ಮನೇಲೇ ಇದ್ದಾಳೆ. ದಿನಾ ಬಡಿಸ್ತಾಳೆ.” ಮತ್ತೆ ಉಳಿ ತೆಗೆದುಕೊಂಡರು. “ಇವತ್ತು ಹೇಳ್ತೀನಿ ಅಂತ ಕೂತ್ಕೊತೀನಿ. ಊಟ ಮುಗಿಯತ್ತೆ, ಎದ್ದು ಹೋಗ್ತೀನಿ.”

ಟೀಚರ ನೋಟುಪುಸ್ತಕ ಆಗ ಮುಚ್ಚಿತ್ತು, ಪೆನ್ನಿಗೆ ಮುಚ್ಚಳ ಹಾಕಿತ್ತು. ಬರೆಯಬೇಡಿ ಎಂದು ಮೇಸ್ತ್ರಿ ಹೇಳಲಿಲ್ಲ. ಆಮೇಲೆ ಎಷ್ಟೋ ದಿನ ಟೀಚರ್ ತಮಗೆ ತಾವೇ ಹೇಳಿಕೊಂಡ ಸಮಾಧಾನ ಇದೊಂದೇ: ಬರೆಯಬೇಡಿ ಅಂದಿರಲಿಲ್ಲ.

ಕೋಣೆಗೆ ಬಂದು ಒಂದೇ ಪಟ್ಟಿಗೆ ಬರೆದರು. ಅರವತ್ತು ದೋಣಿ ಕಟ್ಟಿಯೂ ದೋಣಿ ಹತ್ತದ ಬಡಗಿ, ಎಡಗಡೆಯ ಮೂರನೇ ಸಂದು, ಇಪ್ಪತ್ತೆರಡು ವರ್ಷದಿಂದ ಊಟದ ತಟ್ಟೆಯ ಮುಂದೆ ಬಾಯಿಂದ ಹೊರಬಾರದ ಮಾತು. ಒಂದೂ ಹೆಚ್ಚಿನ ಮಾತಿರಲಿಲ್ಲ. ಹೆಸರನ್ನೂ ಹಾಕಲಿಲ್ಲ. ಬರೆದು ಮುಗಿಸಿದಾಗ ಅವರ ಕಣ್ಣು ಒದ್ದೆಯಾಗಿತ್ತು, ಮತ್ತು, ಇದನ್ನು ಅವರು ಮುಂದೆ ಯಾರ ಹತ್ತಿರವೂ ಒಪ್ಪಿಕೊಳ್ಳಲಿಲ್ಲ, ತುಂಬ ಖುಷಿಯಾಗಿತ್ತು. ಆ ಒಂದು ಪ್ಯಾರಾದಿಂದ ಇಡೀ ಬರಹಕ್ಕೆ ಜೀವ ಬಂದಿದೆ ಎಂದು ಸಂಪಾದಕರು ಉತ್ತರ ಬರೆದರು. ಓದುವವರೆಲ್ಲ ಬೇರೆ ಊರಿನಲ್ಲಿರುತ್ತಾರೆ ಎಂದು ಟೀಚರ್ ಯಾಕೋ ನಂಬಿಕೊಂಡಿದ್ದರು. ಹೆಸರು ಹಾಕದಿದ್ದರೇನು, ಊರಿಗಿದ್ದ ದೋಣಿ ಬಡಗಿ ಒಬ್ಬರೇ ಎಂಬುದು ಅವರಿಗೆ ಹೊಳೆಯದೇ ಹೋದದ್ದಲ್ಲ. ಹೊಳೆದಿತ್ತು. ಅದನ್ನು ಆಚೆ ತಳ್ಳಿದರು.

ಎರಡು ತಿಂಗಳ ಮೇಲೆ ಹತ್ತು ಪ್ರತಿಗಳ ಕಟ್ಟು ಬಸ್ಸಿನಲ್ಲಿ ಬಂತು. ಜೆಟ್ಟಿಯ ಫೋಟೋ ಒಂದು ಪುಟದ ತುಂಬ ಇತ್ತು. ಅರ್ಧಗಂಟೆಯ ಫೋಟೋ ಎಡಗಡೆಯಿಂದಲೇ ಬಂದಿತ್ತು. ಟೀಚರ್ ಎರಡು ಪ್ರತಿ ಹಿಡಿದು ಬಲೆ ಓಣಿಗೆ ಹೋದರು. ಹೆಂಗಸರು ಸುತ್ತ ಕೂತರು. ಓದಿ ಹೇಳಿ ಟೀಚರೇ ಎಂದು ಒಬ್ಬಳು ಅಂದಳು.

“ಟೀಚರ್ ಯಾಕೆ ಓದ್ಬೇಕು?” ಎಂದಳು ಬಲೆಯಕ್ಕ. “ನಂಗೆ ಕಲಿಸಿದ್ದು ಮತ್ಯಾಕೆ? ಕೊಡಿ ಇಲ್ಲಿ.”

ಎರಡು ವರ್ಷದ ಹಿಂದೆ ಟೀಚರ್ ಹೆಂಗಸರಿಗೆಂದು ಸಂಜೆಯ ತರಗತಿ ನಡೆಸಿದಾಗ ಕೊನೆಯವರೆಗೂ ಬಂದವಳು ಅವಳೊಬ್ಬಳೇ. ಓದಲು ಕಲಿತಳು. ಬರೆಯುವುದು ಬೇಡ, ಬೆರಳು ಸೂಜಿಗೇ ಸಾಕಾಗಿದೆ ಎಂದಿದ್ದಳು. ಈಗ ಕೈಯನ್ನು ಸೀರೆಗೆ ಒರೆಸಿಕೊಂಡು, ಪತ್ರಿಕೆಯನ್ನು ಮಂಡಿಯ ಮೇಲಿಟ್ಟು, ಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತ ಓದತೊಡಗಿದಳು. ನಿಧಾನವಾಗಿ, ಜೋರಾಗಿ, ತಪ್ಪಿಲ್ಲದೆ. ಹರಾಜಿನ ಶೆಡ್ಡು ಬಂತು, ಹೆಂಗಸರು ತಲೆದೂಗಿದರು. ಅರ್ಧಗಂಟೆಯ ಹಲ್ಲು ಬಂತು, ನಕ್ಕರು. ಎರಡನೇ ಪುಟ, ಮೂರನೇ ಪುಟ.

ಟೀಚರ್ ನಡುವೆ ಬಾಯಿ ಹಾಕಿದರು. “ಉಳಿದದ್ದು ನಾಳೆ ಓದೋಣ ಅಕ್ಕ. ಹೊತ್ತಾಯ್ತು.”

“ಇನ್ನೊಂದೇ ಪುಟ ಇದೆ,” ಎಂದು ಅವಳು ಹಾಳೆ ತಿರುಗಿಸಿದಳು.

ಆಗ ಪತ್ರಿಕೆಯನ್ನು ಕೈಯಿಂದ ಕಿತ್ತುಕೊಳ್ಳಬಹುದಿತ್ತು. ಏನಾದರೂ ನೆಪ ಹೇಳಬಹುದಿತ್ತು. ಟೀಚರ್ ಕೂತೇ ಇದ್ದರು. ಪುಟದಲ್ಲಿ ಬಡಗಿ ಬಂದ. ಅವಳ ಮುಖ ಅರಳಿತು. ಭಾವನ ಬಗ್ಗೆ ಪತ್ರಿಕೆಯಲ್ಲಿ ಬಂದಿದೆ ಎಂದು ಅಕ್ಕಪಕ್ಕದವರನ್ನು ನೋಡಿದಳು. ಮತ್ತೆ ಬೆರಳು ಸರಿಯಿತು. “ಎಡಗಡೆಯ... ಮೂರನೇ... ಸಂದಿಗೆ...” ಓದುವ ಕಷ್ಟದಲ್ಲಿ ಅವಳಿಗೆ ಅರ್ಥ ಹಿಂದಿನಿಂದ ಬರುತ್ತಿತ್ತು. ವಾಕ್ಯ ಮುಗಿದ ಮೇಲೆ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಅದೇ ಸಾಲನ್ನು ಓದಿದಳು, ಈ ಸಲ ಸದ್ದಿಲ್ಲದೆ, ತುಟಿ ಮಾತ್ರ ಅಲ್ಲಾಡಿತು.  ಅವಳು ಪತ್ರಿಕೆ ಮಡಿಸಿ, ಸೂಜಿಯನ್ನು ಬಲೆಗೆ ಚುಚ್ಚಿಟ್ಟು ಎದ್ದಳು. ಟೀಚರ ಮುಖ ನೋಡಲಿಲ್ಲ.

ಆ ಸಂಜೆ ಏನಾಯಿತೆಂದು ಮೇಸ್ತ್ರಿಯೇ ನಂತರ ಹೇಳಿದರು. ಅವಳು ಎಂದಿನಂತೆ ಬಡಿಸಿದಳು. ಊಟ ಮುಗಿಯುವವರೆಗೆ ಕಾದಳು. “ಭಾವ, ಎಡಗಡೆಯೇನಾ?” ಎಂದು ಕೇಳಿದಳು. ಅವರು ಹೌದು ಎಂದರು. ಅಷ್ಟೇ. ಮರುದಿನ ಬೆಳಿಗ್ಗೆ ಎರಡು ಸೀರೆ ಚೀಲಕ್ಕೆ ತುಂಬಿಕೊಂಡು, ಬಸ್ಸಿನಲ್ಲಿ ಒಂದು ಗಂಟೆ ದೂರದ ಬಂದರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಹೊರಟುಹೋದಳು.

ಟೀಚರ್ ಕೊಟ್ಟಿಗೆಗೆ ಹೋದಾಗ ಮೇಸ್ತ್ರಿ ಅರ್ಧಗಂಟೆಯ ದೋಣಿಯ ಹೊರಮೈ ಉಜ್ಜುತ್ತಿದ್ದರು. ಟೀಚರ್ ಬಾಗಿಲಲ್ಲೇ ನಿಂತರು.

“ತಪ್ಪಾಯ್ತು ಮೇಸ್ತ್ರಿ. ನಾನು ಬರೀಬಾರದಿತ್ತು.”

“ಸುಳ್ಳೇನೂ ಬರೆದಿಲ್ವಲ್ಲ ನೀವು.”

“ಆದ್ರೂ...”

“ಇಪ್ಪತ್ತೆರಡು ವರ್ಷ ಟೈಮಿತ್ತು ನಂಗೆ. ಹೇಳ್ಲಿಲ್ಲ. ಅದು ನನ್ನ ತಪ್ಪು.” ಉಜ್ಜುವುದನ್ನು ನಿಲ್ಲಿಸಿದರು. “ಆದ್ರೆ ಯಾವತ್ತಾದ್ರೂ ಒಂದಿನ ನಾನೇ ಹೇಳ್ತೀನಿ ಅಂತ ಇತ್ತು ಟೀಚರೇ. ಆ ಒಂದು ದಿನಾನ ನೀವು ತಗೊಂಡ್ಬಿಟ್ರಿ. ಹೋಗ್ಲಿ ಬಿಡಿ. ಬೈದಿದ್ರೆ ಬದುಕ್ತಿದ್ದೆ. ಅವಳು ಬೈಲೂ ಇಲ್ಲ.”

ಆ ವಾರ ಅರ್ಧಗಂಟೆ ತನ್ನ ದೋಣಿ ನೋಡಲು ಬಂದ. ಮೊದಲಿನ ಹಾಗೇ ತಮಾಷೆ ಮಾಡಿದ, ಪತ್ರಿಕೆಯವರು ತನ್ನನ್ನು ಹಲ್ಲಿಲ್ಲದವನನ್ನಾಗಿ ಮಾಡಿದರೆಂದು ದೂರಿದ. ಮಾತಾಡುತ್ತಲೇ ದೋಣಿಯ ಸುತ್ತ ನಡೆದು, ಎಡಗಡೆಗೆ ಬಂದಾಗ ಅವನ ಹೆಬ್ಬೆರಳಿನ ಉಗುರು ತಾನಾಗಿ ಸಂದಿಯ ಮೇಲೆ ಜಾರಿತು, ಅಲ್ಲಲ್ಲಿ ಒತ್ತಿ ನೋಡಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ತಾನು ಮಾಡುತ್ತಿರುವುದು ಅವನಿಗೇ ಗೊತ್ತಾದಾಗ ಕೈಯನ್ನು ಜೇಬಿಗೆ ಹಾಕಿಕೊಂಡ. ಮೇಸ್ತ್ರಿ ನೋಡಿದ್ದರು. ಆ ದೋಣಿಯನ್ನು ಮುಗಿಸಿಕೊಟ್ಟರು, ಅದು ನೀರಿಗಿಳಿಯಿತು, ಒಂದು ಹನಿಯೂ ಒಳಗೆ ಬರಲಿಲ್ಲ. ಮರುದಿನ ಅವರು ಉಳಿ, ಬಾಚಿಗಳಿಗೆ ಎಣ್ಣೆ ಹಚ್ಚಿ ಪೆಟ್ಟಿಗೆಗೆ ತುಂಬಿ ಕೊಟ್ಟಿಗೆಯ ಬಾಗಿಲು ಹಾಕಿದರು. ಆಮೇಲೆ ಯಾರು ಕೇಳಿದರೂ ಕಣ್ಣು ಕಾಣಿಸುವುದಿಲ್ಲ ಎನ್ನುತ್ತಿದ್ದರು. ಜೆಟ್ಟಿಯ ಕಲ್ಲಿನ ಮೇಲೆ ಕೂತು ದೂರದ ದೋಣಿಗಳನ್ನು ಯಾರದ್ದು ಯಾವುದು ಎಂದು ಗುರುತಿಸುತ್ತಿದ್ದುದೂ ಅವರೇ.

ನಾಲ್ಕು ತಿಂಗಳು ಕಳೆದ ಮೇಲೆ ಟೀಚರ್ ಧೈರ್ಯ ಮಾಡಿ ಬಲೆಯಕ್ಕನನ್ನು ನೋಡಲು ಹೋದರು. ಅಕ್ಕನ ಮನೆಯ ಹಿಂದಿನ ಜಗಲಿಯಲ್ಲಿ ಅವಳು ಬೇರೆ ಊರಿನ ಬಲೆ ಹೊಲಿಯುತ್ತಿದ್ದಳು. ಸಣ್ಣಗಾಗಿದ್ದಳು. ಕೂತ್ಕೊಳ್ಳಿ ಎಂದು ಚಾಪೆ ತಂದು ಹಾಸಿದಳು.

“ಭಾವನ ಮೇಲೆ ಸಿಟ್ಟು ಬೇಡ ಅಕ್ಕ,” ಎಂದರು ಟೀಚರ್. “ಸಿಟ್ಟು ಮಾಡ್ಕೊಳ್ಳೋದಾದ್ರೆ ನನ್ನ ಮೇಲೆ ಮಾಡ್ಕೊಳ್ಳಿ.”

“ಸಿಟ್ಟಾ?” ಅವಳು ತಲೆ ಎತ್ತಿದಳು. “ಸಿಟ್ಟಿಂದ ಬಂದೆ ಅಂದ್ಕೊಂಡ್ರಾ?”

ಅವಳು ಸೂಜಿ ಕೆಳಗಿಟ್ಟಳು. ಆಮೇಲೆ ಹೇಳಿದಳು. ಆ ಮೂರನೇ ದಿನ ಬೆಳಿಗ್ಗೆ ಅವಳ ಗಂಡ ಜೆಟ್ಟಿಯಿಂದ ವಾಪಸ್ ಬಂದಿದ್ದ. ತಳದಲ್ಲಿ ನೀರು ಜಿನುಗುತ್ತಿದೆ, ನಿನ್ನೆಗಿಂತ ಜಾಸ್ತಿಯಾಗಿದೆ, ಇವತ್ತು ಹೋಗುವುದಿಲ್ಲ, ಅಣ್ಣನಿಗೆ ತೋರಿಸುತ್ತೇನೆ ಎಂದಿದ್ದ.

“ನಾನೇ ಬೈದೆ. ಊರಿನ ದೋಣಿಯೆಲ್ಲ ಹೋಗಿದೆ, ನಿಮ್ಮದು ಮೂರನೇ ದಿನಕ್ಕೇ ದಡದಲ್ಲಿ ಕೂತ್ರೆ ಜನ ನಗ್ತಾರೆ ಅಂದೆ. ಅಣ್ಣನ ಕೆಲಸದಲ್ಲಿ ಹುಳುಕು ಹುಡುಕ್ಬೇಡಿ, ಮೈಗಳ್ಳತನಕ್ಕೆ ನೆಪ ಅಂದೆ. ಅರ್ಧ ಲೋಟ ಚಹಾ ಅಲ್ಲೇ ಬಿಟ್ಟು ಎದ್ದುಹೋದ್ರು.”

ಅವಳು ಬಲೆಯ ಗಂಟೊಂದನ್ನು ಬೆರಳಲ್ಲಿ ತಿರುವಿದಳು.

“ದೋಣಿ ಸೋರ್ತಿತ್ತು ಅಂತ ನಂಗೆ ಅವತ್ತೇ ಗೊತ್ತಿತ್ತು. ಬಾಯಿ ಬಿಡ್ಲಿಲ್ಲ. ಬಿಟ್ರೆ ಯಾಕೆ ಕಳಿಸ್ದೆ ಅಂತ ಕೇಳ್ತಾರಲ್ಲ. ದಿಮ್ಮಿ ಬಡೀತು ಅಂದ್ರು, ನಾನೂ ಹೂಂ ಅಂದೆ. ಭಾವ ಅಷ್ಟು ವರ್ಷ ತಾನೇ ಕೊಂದೆ ಅಂತ ಕೂತಿದ್ದಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಟೀಚರೇ. ಪತ್ರಿಕೆ ಓದಿದ ಮೇಲೆ ಅವರ ಮುಖ ನೋಡೋಕಾಗ್ಲಿಲ್ಲ. ಅದಕ್ಕೆ ಬಂದೆ.”

“ಇದನ್ನ ಅವರಿಗೆ ಹೇಳಿ ಅಕ್ಕ. ಇವತ್ತೇ ನನ್ನ ಜೊತೆ ಬನ್ನಿ.”

“ಬರ್ತೀನಿ. ಇವತ್ತಲ್ಲ. ಸ್ವಲ್ಪ ಧೈರ್ಯ ಬರ್ಲಿ.” ಮತ್ತೆ ಸೂಜಿ ತೆಗೆದುಕೊಂಡಳು. “ನೀವು ಹೇಳ್ಬೇಡಿ. ನಾನೇ ಹೇಳ್ತೀನಿ.”

ಟೀಚರ್ ಮಾತು ಕೊಟ್ಟರು. ವಾಪಸ್ ಬರುವ ಬಸ್ಸಿನಲ್ಲಿ ಅವರ ತಲೆಯಲ್ಲಿದ್ದುದು ಮೇಸ್ತ್ರಿಯ ಮಾತು. ಒಬ್ಬರ ಆ ಒಂದು ದಿನವನ್ನು ಕಿತ್ತುಕೊಂಡಾಗಿತ್ತು. ಇನ್ನೊಬ್ಬರದನ್ನು ಮುಟ್ಟುವುದಿಲ್ಲ ಎಂದು ಗಟ್ಟಿ ಮಾಡಿಕೊಂಡರು.

ಮಳೆ ಹಿಡಿಯಿತು. ದೋಣಿಗಳನ್ನು ದಡಕ್ಕೆ ಎಳೆದು ತಾಡಪಾಲು ಹೊದೆಸಿದರು. ಮೇಸ್ತ್ರಿಗೆ ಜ್ವರ ಬಂದು ಎದೆಗಿಳಿಯಿತು. ಅರ್ಧಗಂಟೆಯೇ ಗಾಡಿ ಮಾಡಿ ಪಕ್ಕದ ಪಟ್ಟಣದ ಆಸ್ಪತ್ರೆಗೆ ಸೇರಿಸಿದ. ಆ ದಿನ ಅವನು ಐದು ನಿಮಿಷದಲ್ಲಿ ಬಂದಿದ್ದ ಎಂದು ಜನ ಹೇಳಿದರು. ಟೀಚರ್ ಬಲೆಯಕ್ಕನ ಅಕ್ಕನ ಮನೆಗೆ ಫೋನ್ ಮಾಡಿ ತಿಳಿಸಿ, ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಗೆ ಹೋದರು. ಕಿಟಕಿ ಪಕ್ಕದ ಮಂಚ. ಮೇಸ್ತ್ರಿಯ ಕೈಗಳು ಹೊದಿಕೆಯ ಮೇಲೆ ಬಿದ್ದಿದ್ದವು, ಅಷ್ಟು ದೊಡ್ಡ ಕೈಗಳು.

“ಅವಳನ್ನ ನೋಡೋಕೆ ಹೋಗಿದ್ರಂತೆ,” ಎಂದರು, ಉಸಿರೆಳೆದುಕೊಂಡು.

“ಹೂಂ. ಚೆನ್ನಾಗಿದ್ದಾರೆ.”

“ಏನಾದ್ರೂ ಅಂದ್ಲಾ?”

ಮಾತು ಟೀಚರ ನಾಲಿಗೆಯ ತುದಿಗೆ ಬಂದಿತ್ತು. ನೀರು ಜಿನುಗುವುದು ನಿಮ್ಮ ತಮ್ಮನಿಗೂ ಗೊತ್ತಿತ್ತಂತೆ, ಅವಳಿಗೂ ಗೊತ್ತಿತ್ತಂತೆ, ನೀವೊಬ್ಬರೇ ಅಲ್ಲವಂತೆ ಮೇಸ್ತ್ರಿ. ಎರಡು ವಾಕ್ಯ ಸಾಕಿತ್ತು. ಮೇಸ್ತ್ರಿ ಅವರ ಬಾಯನ್ನೇ ನೋಡುತ್ತಿದ್ದರು.

“ಬರ್ತಾರೆ,” ಎಂದರು ಟೀಚರ್. “ನಾಳೆ ಬರ್ತಾರೆ. ಅವರೇ ಮಾತಾಡ್ತಾರಂತೆ.”

ಮೇಸ್ತ್ರಿ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಮರುದಿನ ಬೆಳಗಿನ ಜಾವ ಅವರ ಉಸಿರು ನಿಂತಿತು.

ಬಲೆಯಕ್ಕ ಬಂದದ್ದು ಮಧ್ಯಾಹ್ನ. ಹಿಂದಿನ ದಿನ ಫೋನ್ ಬಂದಾಗಲೇ ಅಲ್ಲಿಯ ಬಸ್‌ಸ್ಟ್ಯಾಂಡಿನವರೆಗೆ ಬಂದು, ಏನು ಹೇಳಬೇಕೆಂದು ಗೊತ್ತಾಗದೆ ಮನೆಗೆ ತಿರುಗಿ ಹೋಗಿದ್ದಳಂತೆ. ಮಣ್ಣಾಯಿತು. ಜನ ಬಂದರು, ಹೋದರು.

ನಾಲ್ಕೈದು ದಿನ ಬಿಟ್ಟು ಟೀಚರ್ ಆ ಮನೆಗೆ ಹೋದರು. ಅವಳು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ತೊಳೆಯುತ್ತಿದ್ದಳು. ಒಬ್ಬನೇ ಗಂಡಸು ಏಳು ತಿಂಗಳು ಇದ್ದ ಮನೆ, ಎಲ್ಲದಕ್ಕೂ ಮಸಿ ಹಿಡಿದಿತ್ತು. ಟೀಚರ್ ಒಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತು ಒರೆಸತೊಡಗಿದರು.

“ನೀವು ಆಸ್ಪತ್ರೆಗೆ ಹೋಗಿದ್ರಲ್ಲ,” ಎಂದಳು ಅವಳು, ಕೈಯ ಕೆಲಸ ಬಿಡದೆ. “ಅವರಿಗೆ ಹೇಳಿದ್ರಾ?”

“ಇಲ್ಲ ಅಕ್ಕ.”

ಅವಳ ಕೈ ನಿಂತಿತು. “ಹೇಳಿರ್ತೀರಿ ಅಂದ್ಕೊಂಡಿದ್ದೆ.”

“ಹೇಳ್ಬೇಡಿ ಅಂದಿದ್ರಿ.”

“ಹೌದು, ಅಂದಿದ್ದೆ.” ಅವಳು ಪಾತ್ರೆಯ ನೀರು ಚೆಲ್ಲಿದಳು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಬರೀ ಆಯಾಸವಿತ್ತು. “ಆದ್ರೂ ನಿಮಗೆ ತಡ್ಕೊಳೋಕಾಗಲ್ಲ, ಹೇಳೇ ಹೇಳ್ತೀರಿ ಅಂತ ಒಳಗೆಲ್ಲೋ ಒಂದು ನಂಬಿಕೆ ಇತ್ತು. ಅದಕ್ಕೇ ಇರ್ಬೇಕು ನಿಮ್ಮ ಹತ್ರ ಬಾಯಿ ಬಿಟ್ಟಿದ್ದು.”

ಹೊರಗೆ ಮಳೆ ಮತ್ತೆ ಶುರುವಾಯಿತು. ಟೀಚರ್ ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದರು. ಅದು ಯಾವಾಗಲೋ ಒಣಗಿತ್ತು. ಬಲೆಯಕ್ಕ ಕೈಚಾಚಿ ಅದನ್ನು ಅವರಿಂದ ತೆಗೆದುಕೊಂಡು, ತೊಳೆಯಬೇಕಿದ್ದ ಇನ್ನೊಂದನ್ನು ಎಳೆದುಕೊಂಡಳು.